ಟೂಲ್ ಏನನ್ನು ಮುಟ್ಟುವುದಿಲ್ಲ?

ಕುಪ್ಪಳ್ಳಿಯ ಕವಿಮನೆಯಿಂದ ಕವಿಶೈಲಕ್ಕೆ ಹತ್ತುವ ದಾರಿಯನ್ನು ಪ್ರವಾಸಕ್ಕೆ ಬರುವ ಮಕ್ಕಳಿಗಾಗಿ ಶಾಲೆಯೊಂದರ ಶಿಕ್ಷಕರು ಡಿಜಿಟಲ್ ವೈಟ್‌ಬೋರ್ಡಿನಲ್ಲಿ ಕೂಡಿ ಬಿಡಿಸಿದ್ದಾರೆ ಎಂದುಕೊಳ್ಳೋಣ. ಕವಿಮನೆಗೊಂದು ಚೌಕ, ಗುಡ್ಡದ ಮೇಲಿನ ಕವಿಶೈಲಕ್ಕೊಂದು, ಪೂರ್ಣಚಂದ್ರ ತೇಜಸ್ವಿಯವರ ಸ್ಮಾರಕಕ್ಕೊಂದು. ಅವುಗಳ ನಡುವೆ ಬಾಣಗಳು, ಬದಿಯಲ್ಲಿ ಒಬ್ಬೊಬ್ಬರು ಬರೆದ ಟಿಪ್ಪಣಿಗಳು. ಈಗ ಎಐ ಏಜೆಂಟಿಗೆ ‘ಕವಿಶೈಲವನ್ನು ಇನ್ನಷ್ಟು ಮೇಲಕ್ಕೆ ಸರಿಸು, ಅಲ್ಲಿ ಕುವೆಂಪು ಸಮಾಧಿ ಇರುವುದನ್ನೂ ಸೇರಿಸು’ ಎಂದು ಹೇಳುತ್ತಾರೆ. ನಾವು ನೋಡುವಂತೆ ಏಜೆಂಟು ಈ ಬೋರ್ಡನ್ನು ನೋಡುವುದಿಲ್ಲ. ಅದಕ್ಕೆ ಸಿಗುವುದು ಕೆಲವು ಟೂಲ್‌ಗಳು, ಪ್ರತಿ ಟೂಲ್‌ಗೊಂದು ಹೆಸರು, ಒಂದು ವಿವರಣೆ, ಏನೇನು ಮಾಹಿತಿ ಕೊಡಬೇಕೆಂಬ ನಮೂನೆ. ಆಂಥ್ರೋಪಿಕ್ ಸಂಸ್ಥೆ 2024ರ ನವೆಂಬರಿನಲ್ಲಿ ಹೊರತಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಈ ಏರ್ಪಾಟನ್ನು ಎಲ್ಲೆಡೆ ಬಳಕೆಗೆ ತಂದಿತು. ಆದರೆ ವಿವರಣೆ ಬರೆಯುವ ರೂಢಿ ಮಾತ್ರ ಇನ್ನೂ ಹದಕ್ಕೆ ಬಂದಿಲ್ಲ. ಟೂಲ್ ಏನು ಮಾಡುತ್ತದೆ ಎಂಬುದನ್ನು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ; ಏನನ್ನು ಮುಟ್ಟದೆ ಬಿಡುತ್ತದೆ ಎಂಬುದನ್ನು ಹೇಳುವುದೇ ಇಲ್ಲ. ಹಲವರು ಕೂಡಿ ಕೆಲಸ ಮಾಡುವ ಬೋರ್ಡಿನಲ್ಲಿ ಈ ಎರಡನೆಯದೇ ಹೆಚ್ಚು ಮುಖ್ಯ ಎಂಬುದು ನನ್ನ ವಾದ.

‘ಬೋರ್ಡಿನ ಒಂದು ವಸ್ತುವನ್ನು ಬದಲಿಸುತ್ತದೆ’ ಎಂಬ ವಿವರಣೆಯನ್ನೇ ನೋಡಿ. ವಾಕ್ಯದಲ್ಲಿ ತಪ್ಪಿಲ್ಲ, ಆದರೆ ಉಪಯೋಗವೂ ಇಲ್ಲ. ಏಜೆಂಟು ಹೊಸ ಸ್ಥಾನವನ್ನಷ್ಟೇ ಕಳಿಸಿದರೆ ಚೌಕದ ಹಳೆಯ ಬಣ್ಣ ಉಳಿಯುತ್ತದೆಯೋ, ಕಳಿಸದ ಗುಣಗಳೆಲ್ಲ ಅಳಿದು ಮೂಲಸ್ಥಿತಿಗೆ ಮರಳುತ್ತವೆಯೋ? ಎರಡು ರೀತಿಯಲ್ಲೂ ಟೂಲ್ ಮಾಡಲು ಸಾಧ್ಯ. 2020ರಲ್ಲಿ ಶುರುವಾದ ಎಕ್ಸ್‌ಕ್ಯಾಲಿಡ್ರಾ ಎಂಬ ವೈಟ್‌ಬೋರ್ಡಿನಲ್ಲಿ ಚೌಕದೊಳಗಿನ ಬರಹ ಚೌಕದ ಭಾಗವಲ್ಲ, ಬೇರೆಯೇ ವಸ್ತು. ತಾನು ಯಾವ ಚೌಕದೊಳಗಿದ್ದೇನೆಂದು ಬರಹದಲ್ಲಿ ದಾಖಲಾಗಿರುತ್ತದೆ. ತನಗೆ ಯಾವ ಬರಹ, ಯಾವ ಬಾಣಗಳು ಅಂಟಿಕೊಂಡಿವೆಯೆಂದು ಚೌಕದಲ್ಲಿ ದಾಖಲಾಗಿರುತ್ತದೆ. ಬಾಣದ ಬಿಂದುಗಳನ್ನು ಬೋರ್ಡಿನ ಮೂಲೆಯಿಂದ ಅಳೆಯುವುದಿಲ್ಲ, ಬಾಣದ ಆರಂಭಸ್ಥಾನದಿಂದಲೇ ಅಳೆಯುತ್ತಾರೆ. ಶಾಲೆಯ ಗ್ರಾಫಿನಲ್ಲಿ ಮೇಲೇರಿದಂತೆ ವೈ ಬೆಲೆ ಹೆಚ್ಚಿದರೆ ಇಲ್ಲಿ ಕೆಳಗಿಳಿದಂತೆ ಹೆಚ್ಚುತ್ತದೆ. ಟಿಎಲ್‌ಡ್ರಾ ಎಂಬ ಇನ್ನೊಂದು ವೈಟ್‌ಬೋರ್ಡಿನಲ್ಲಿ ಚೌಕವು ಒಂದು ಫ್ರೇಮಿನೊಳಗಿದ್ದರೆ ಅದರ ಸ್ಥಾನ ಆ ಫ್ರೇಮಿಗೆ ಸಾಪೇಕ್ಷ. ಇಷ್ಟನ್ನೂ ಹೇಳದ ವಿವರಣೆಯನ್ನು ನಂಬಿ ಏಜೆಂಟು ಕವಿಶೈಲದ ಚೌಕವನ್ನು ಸರಿಸಿದರೆ, ಹೆಸರು ಹಳೆಯ ಜಾಗದಲ್ಲೇ ಉಳಿದು, ಕವಿಮನೆಯಿಂದ ಹೊರಟ ಬಾಣ ಖಾಲಿ ಜಾಗಕ್ಕೆ ತಗಲಬಹುದು. ಇಷ್ಟಾದರೂ ಟೂಲ್ ಕೊಡುವ ಉತ್ತರ: ಕೆಲಸ ಯಶಸ್ವಿ.

ಅದೇ ವಿವರಣೆಯನ್ನು ಹೀಗೆ ಬರೆಯಬಹುದಿತ್ತು: ‘ಕೊಟ್ಟ ಐಡಿಯ ವಸ್ತುವನ್ನು ಸರಿಸುತ್ತದೆ. ಒಳಗಿನ ಬರಹ ಜೊತೆಗೇ ಸರಿಯುತ್ತದೆ, ಅಂಟಿದ ಬಾಣಗಳ ತುದಿ ಹಿಂಬಾಲಿಸುತ್ತದೆ. ಬಣ್ಣ, ಅಳತೆ, ಗುಂಪು ಬದಲಾಗುವುದಿಲ್ಲ. ಸ್ಥಾನವೆಂದರೆ ವಸ್ತುವಿನ ಎಡಮೇಲ್ತುದಿ. ವೈ ಕೆಳಮುಖವಾಗಿ ಹೆಚ್ಚುತ್ತದೆ. ಐಡಿ ಗೊತ್ತಿಲ್ಲದಿದ್ದರೆ ಊಹಿಸಬೇಡಿ, ಮೊದಲು ಬೋರ್ಡ್ ಓದುವ ಟೂಲ್ ಕರೆಯಿರಿ.’ ಇದರಲ್ಲಿ ಚಮತ್ಕಾರವೇನೂ ಇಲ್ಲ. ಆದರೆ ಇದನ್ನು ಬರೆಯಹೊರಟವರಿಗೆ ಟೂಲ್ ಹಾಗೆ ನಡೆದುಕೊಳ್ಳುತ್ತದೆಯೇ ಎಂದು ಪರೀಕ್ಷಿಸದೆ ಗತಿಯಿಲ್ಲ. ಒಳ್ಳೆಯ ವಿವರಣೆಯ ದೊಡ್ಡ ಗುಣ ಇದೇ ಎಂದು ನನಗೆ ಅನಿಸುತ್ತದೆ.

ಕನ್ನಡದ ಬರಹ ಬಂದಾಗ ವಿವರಣೆಗಳ ಕೊರತೆ ಇನ್ನೂ ಢಾಳಾಗಿ ಕಾಣುತ್ತದೆ. ಬರಹದ ಅಗಲವನ್ನು ಏಜೆಂಟೇ ಲೆಕ್ಕಹಾಕಿ ಕೊಡಲಿ ಎಂದು ಕೇಳುವ ಟೂಲ್ ಇದೆಯೆಂದುಕೊಳ್ಳಿ. ಇಂಗ್ಲಿಷಿನಲ್ಲಿ ಅಕ್ಷರಗಳನ್ನೆಣಿಸಿ ಸರಾಸರಿ ಅಗಲದಿಂದ ಗುಣಿಸಿದರೆ ಹೇಗೋ ನಡೆದೀತು. ‘ಕುಪ್ಪಳ್ಳಿ’ಯಲ್ಲಿ ಕಣ್ಣಿಗೆ ಕಾಣುವುದು 3 ಅಕ್ಷರ; ಯೂನಿಕೋಡಿನಲ್ಲಿ ಅದು 9 ಸಂಕೇತ. ಸಂಕೇತಗಳನ್ನೆಣಿಸಿದರೆ ಚೌಕ ಬೇಕಾದ್ದಕ್ಕಿಂತ ಬಹಳ ಅಗಲವಾಗುತ್ತದೆ. ಮೇಲಾಗಿ ಪ, ಳಗಳ ಒತ್ತುಗಳು ಸಾಲಿನ ಕೆಳಗಿಳಿಯುವುದರಿಂದ ಎತ್ತರದ ಲೆಕ್ಕವೂ ತಪ್ಪಿ ಕೆಳಗೆರೆ ಒತ್ತಕ್ಷರಗಳ ಮೇಲೆಯೇ ಹಾದುಹೋಗಬಹುದು. ಅಗಲವನ್ನು ಟೂಲೇ ಫಾಂಟಿನಿಂದ ಅಳೆಯಬೇಕು, ಅಳೆದದ್ದನ್ನು ಏಜೆಂಟಿಗೆ ಮರಳಿ ತಿಳಿಸಬೇಕು, ಹಾಗೆ ಮಾಡುತ್ತದೆಂದು ವಿವರಣೆಯಲ್ಲಿ ಬರೆದಿರಬೇಕು. ಕಂಪ್ಯೂಟರಿನಲ್ಲಿ ಕನ್ನಡ ನೆಟ್ಟಗೆ ನಿಲ್ಲಬೇಕೆಂದು ತೇಜಸ್ವಿ ಹಟ ಹಿಡಿದಿದ್ದರು. ಆ ಹಾದಿಯಲ್ಲೇ ಬಂದ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕನ್ನಡ ತಂತ್ರಾಂಶಕ್ಕೆ ಕುವೆಂಪು ಅವರ ಹೆಸರನ್ನೇ ಇಡಲಾಯಿತು. ಅಕ್ಷರ ಮೂಡಿಸುವ ಆ ಹೋರಾಟದಲ್ಲಿ ಬಹುಪಾಲು ಗೆದ್ದಿದ್ದೇವೆ. ಈಗ ನಮ್ಮ ಅಕ್ಷರಗಳನ್ನು ನಮ್ಮ ಪರವಾಗಿ ಬೇರೊಂದು ಯಂತ್ರ ಬೋರ್ಡಿನ ಮೇಲೆ ಜೋಡಿಸುತ್ತಿದೆ. ಅದರ ಟೂಲ್‌ಗಳಲ್ಲಿ ಒತ್ತಕ್ಷರದ ನೆನಪಿಲ್ಲದಿದ್ದರೆ ನಷ್ಟ ನಮ್ಮದೇ.

ಎಐ ಮಾದರಿಗಳು ದಿನದಿನಕ್ಕೂ ಜಾಣವಾಗುತ್ತಿವೆ, ಸ್ಕ್ರೀನ್‌ಶಾಟ್ ತೋರಿಸಿದರೆ ತಪ್ಪನ್ನು ತಾವೇ ತಿದ್ದಿಕೊಳ್ಳುತ್ತವೆ ಎಂಬ ಆಕ್ಷೇಪವುಂಟು. ಚಿತ್ರದಿಂದ ಸಹಾಯವಿದೆ, ಒಪ್ಪಬೇಕು. ಆದರೆ ಬಾಣವು ಚೌಕಕ್ಕೆ ಅಂಟಿದೆಯೋ ಸುಮ್ಮನೆ ಪಕ್ಕದಲ್ಲಿದೆಯೋ ಎಂಬುದು ಚಿತ್ರದಲ್ಲಿ ಗೊತ್ತಾಗುವುದಿಲ್ಲ. ಮುಂದೆ ಯಾರಾದರೂ ಚೌಕ ಎಳೆದಾಗಲೇ ಬಯಲಾಗುತ್ತದೆ. ಅಳಿಸಿಹೋದ ಟಿಪ್ಪಣಿಯಂತೂ ನಂತರದ ಚಿತ್ರದಲ್ಲಿ ಇರುವುದೇ ಇಲ್ಲ. ಉದ್ದದ ವಿವರಣೆಗೆ ಟೋಕನ್ ಖರ್ಚು, ಟೂಲ್‌ಗಳು ಹೆಚ್ಚಿದಂತೆ ಏಜೆಂಟಿನ ಗಮನವೂ ಚದುರುತ್ತದೆ ಎಂಬ ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ಬಲವಿದೆ. ಹಾಗಾಗಿಯೇ ನಾನು ಕೇಳುತ್ತಿರುವುದು ಉದ್ದವನ್ನಲ್ಲ. ಬಣ್ಣದ ಹೆಸರುಗಳಂಥವು ನಮೂನೆಯ ಪಟ್ಟಿಯಲ್ಲೇ ಇರಲಿ, ವಾಕ್ಯಗಳಲ್ಲಿ ಮತ್ತೆ ಬೇಡ. ಒಂದು ಟೂಲನ್ನು ವಿವರಿಸಲು ಪುಟವೇ ಬೇಕಾದರೆ ಅದು ಒಂದೇ ಟೂಲ್ ಅಲ್ಲ, ಒಡೆಯಬೇಕಾದದ್ದು.

ಟೂಲ್ ವಿನಾಶಕಾರಿಯೇ ಅಲ್ಲವೇ ಎಂಬ ಸೂಚನೆಯನ್ನು ಮೇಲೆ ಹೇಳಿದ ಪ್ರೋಟೊಕಾಲ್ 2025ರ ಮಾರ್ಚಿನ ಆವೃತ್ತಿಯಲ್ಲಿ ಸೇರಿಸಿತು. ಒಳ್ಳೆಯ ಹೆಜ್ಜೆ, ಆದರೂ ಅದು ಹೌದು–ಅಲ್ಲ ಎಂಬಷ್ಟಕ್ಕೇ ನಿಲ್ಲುತ್ತದೆ, ಮತ್ತು ನಂಬಿಕಸ್ಥ ಸರ್ವರಿನಿಂದ ಬಾರದಿದ್ದರೆ ನಂಬಬಾರದೆಂದು ಪ್ರೋಟೊಕಾಲೇ ಎಚ್ಚರಿಸುತ್ತದೆ. ಕವಿಮನೆಯ ಚೌಕ ಅಳಿಸಿದಾಗ ಒಳಗಿನ ಬರಹವೂ ಹೋಗುತ್ತದೆಯೇ, ಬಾಣಗಳು ತಬ್ಬಲಿಯಾಗಿ ಉಳಿಯುತ್ತವೆಯೇ, ಬೇರೊಬ್ಬ ಶಿಕ್ಷಕರು ಆಗಷ್ಟೇ ತಿದ್ದುತ್ತಿದ್ದ ಟಿಪ್ಪಣಿ ಏನಾಗುತ್ತದೆ, ಹಿಂದಕ್ಕೆ ತರುವ ದಾರಿಯಿದೆಯೇ? ಇವಕ್ಕೆ ಉತ್ತರ ಸಿಗಬೇಕಾದದ್ದು ಅಳಿಸುವ ಟೂಲಿನ ವಿವರಣೆಯ ಮೊದಲ ಎರಡು ವಾಕ್ಯಗಳಲ್ಲೇ.