ಪ್ಯಾರ್ಟ್ ಅವರ ಎರಡು ಕೈ, ಒಂದು ಕಟ್ಟಳೆ

ಸಿನಿಮಾದ ಶೋಕದ ದೃಶ್ಯಗಳಲ್ಲಿ, ನಿದ್ದೆ ಬರಿಸಲೆಂದೇ ಜೋಡಿಸಿದ ಹಾಡುಪಟ್ಟಿಗಳಲ್ಲಿ ಎಸ್ಟೋನಿಯಾದ ಆರ್ವೊ ಪ್ಯಾರ್ಟ್ ಅವರ ಸಂಗೀತ ಈಗ ಧಾರಾಳವಾಗಿ ಕಿವಿಗೆ ಬೀಳುತ್ತದೆ. ಹಾಗಾಗಿ ಅವರನ್ನು ಮನಸ್ಸಿಗೆ ತಂಪೆರೆಯುವ ಸಂಯೋಜಕ ಎಂದಷ್ಟೇ ತಿಳಿದವರೇ ಹೆಚ್ಚು. ತಂಪು ಇದೆ, ನಿಜ. ಆದರೆ ಅದರ ಅಡಿಯಲ್ಲಿರುವ ಕಟ್ಟುನಿಟ್ಟನ್ನು ಕಂಡುಕೊಂಡವರಿಗೇ ಪ್ಯಾರ್ಟ್ ಪೂರ್ತಿ ದಕ್ಕುವುದು ಎಂಬುದು ನನ್ನ ದೃಢ ನಂಬಿಕೆ.

ಪೈಡೆ ಎಂಬ ಊರಲ್ಲಿ 1935ರಲ್ಲಿ ಹುಟ್ಟಿದ ಪ್ಯಾರ್ಟ್ ಬೆಳೆದದ್ದು ರಕ್ವೆರೆಯಲ್ಲಿ. ಮನೆಯಲ್ಲಿದ್ದ ಹಳೆಯ ಪಿಯಾನೊದ ನಡುಭಾಗ ಕೆಟ್ಟಿತ್ತು; ಹುಡುಗನ ಬೆರಳು ತುದಿಯ ತಾರ, ಮಂದ್ರಗಳಲ್ಲೇ ಆಡಬೇಕಿತ್ತು. ತಾಲಿನ್‌ನಲ್ಲಿ ಹೈನೊ ಎಲ್ಲರ್ ಅವರ ಬಳಿ ಕಲಿತು, ಎಸ್ಟೋನಿಯಾ ರೇಡಿಯೊದಲ್ಲಿ ಧ್ವನಿ ಎಂಜಿನಿಯರ್ ಆಗಿ ದುಡಿದರು. 1960ರ ‘ನೆಕ್ರೊಲಾಗ್’ ಆ ನಾಡಿನ ಮೊದಲ ಹನ್ನೆರಡು-ಸ್ವರ ಪದ್ಧತಿಯ ಕೃತಿ. ಸೋವಿಯತ್ ಅಧಿಕಾರಿಗಳಿಗೆ ಅದು ಹಿಡಿಸಲಿಲ್ಲ. 1968ರ ‘ಕ್ರೇಡೊ’ದಲ್ಲಿ ಕ್ರಿಸ್ತನ ಮೇಲಿನ ನಂಬಿಕೆಯನ್ನು ಬಹಿರಂಗವಾಗಿ ಹಾಡಿಸಿದಾಗಲಂತೂ ಆ ಕೃತಿಗೆ ವೇದಿಕೆಯೇ ತಪ್ಪಿತು. ಅಷ್ಟು ಹೊತ್ತಿಗೆ ಅವರಿಗೂ ತಮ್ಮ ಆವರೆಗಿನ ದಾರಿ ಸವೆದಂತಾಗಿತ್ತು. ಮುಂದಿನ ಎಂಟು ವರ್ಷ, ಮೂರನೆಯ ಸಿಂಫನಿ ಬಿಟ್ಟರೆ, ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಹೊರಬರಲಿಲ್ಲ. ಆದರೆ ಅವರು ಕೈಕಟ್ಟಿ ಕೂತಿರಲಿಲ್ಲ. ಗ್ರೆಗೋರಿಯನ್ ಪಠಣವನ್ನೂ ಮಧ್ಯಯುಗದ ಬಹುಧ್ವನಿ ಸಂಗೀತವನ್ನೂ ಪಟ್ಟುಹಿಡಿದು ಅಭ್ಯಾಸ ಮಾಡಿದರು. ಒಂದೇ ಎಳೆಯ ಧಾಟಿಗಳನ್ನು ಬರೆದು ಬರೆದು ನೋಟ್‌ಪುಸ್ತಕ ತುಂಬಿಸಿದರು.

ಆ ತಪಸ್ಸಿನ ಫಲ 1976ರ ಪುಟ್ಟ ಪಿಯಾನೊ ಕೃತಿ ‘ಫ್ಯೂರ್ ಅಲೀನಾ’. ಅದನ್ನು ನಮ್ಮ ಸ್ವರಗಳಲ್ಲಿ ಹೇಳುವುದು ಸುಲಭ. ಬಲಗೈ ಸಂಚರಿಸುವುದು ನಠಭೈರವಿಯ ಏಳು ಸ್ವರಗಳಲ್ಲಿ. ಎಡಗೈಗೆ ಸ, ಗ, ಪ ಮೂರೇ. ಬಲಗೈ ಎಲ್ಲಿ ನಿಂತರೂ ಅದರ ಕೆಳಗೆ ಹತ್ತಿರದಲ್ಲಿ ಸಿಗುವ ಸ, ಗ ಅಥವಾ ಪವನ್ನು ಎಡಗೈ ಅದೇ ಕ್ಷಣಕ್ಕೆ ಒತ್ತಬೇಕು. ಬಲಗೈ ರಿಷಭಕ್ಕೆ ಬಂದರೆ ಎಡಗೈ ಷಡ್ಜ, ನಿಷಾದಕ್ಕೆ ಬಂದರೆ ಪಂಚಮ. ಕೆಲವು ಜೋಡಿ ಹೊಂದುತ್ತವೆ, ಕೆಲವು ಒಂದನ್ನೊಂದು ಉಜ್ಜುತ್ತವೆ. ಆ ಉಜ್ಜಾಟವೂ ನಿಯಮದಿಂದಲೇ ಹುಟ್ಟಿದ್ದು. ಎರಡೂ ಕೈ ಇರುವುದು ಮೇಲಿನ ಸ್ಥಾಯಿಯಲ್ಲಿ. ಆರಂಭದಲ್ಲಿ ಒತ್ತಿದ ಮಂದ್ರ ಷಡ್ಜ ಪೆಡಲ್‌ನ ಬಲದಿಂದ ಕೆಳಗೆ ಮೊಳಗುತ್ತಿರುತ್ತದೆ, ನಡುವೆಲ್ಲ ಬಯಲು. ತಾಳದ ಗುರುತಿಲ್ಲ. ಎರಡು ಸ್ವರದ ಗುಂಪು ಎಂಟಕ್ಕೆ ಬೆಳೆದು, ಮತ್ತೆ ಕುಗ್ಗುತ್ತದೆ. ಇಡೀ ಕೃತಿಯಲ್ಲಿ ಒಂದೇ ಒಂದು ಕಡೆ ಎಡಗೈ ಕಟ್ಟಳೆ ಮೀರಿ ರಿಷಭ ಮುಟ್ಟುತ್ತದೆ. ಸ್ವರಲಿಪಿಯಲ್ಲಿ ಅಲ್ಲೊಂದು ಹೂ ಬರೆದಿದ್ದಾರೆ. ಕಟ್ಟಳೆ ಅಷ್ಟು ಬಿಗಿಯಾಗಿರುವುದರಿಂದಲೇ ಆ ಒಂದು ರಿಷಭಕ್ಕೆ ಅಷ್ಟು ಬೆಲೆ. ‘ಟಿಂಟಿನಾಬುಲಿ’ ಎಂದು ಹೆಸರಾದ ಶೈಲಿ ಇದೇ.

ಮರುವರ್ಷದ ‘ಕ್ಯಾಂಟಸ್’ ಇನ್ನೂ ಬೆರಗು. ಇಂಗ್ಲೆಂಡಿನ ಸಂಯೋಜಕ ಬೆಂಜಮಿನ್ ಬ್ರಿಟನ್ 1976ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ, ಅವರ ನೆನಪಿಗೆ ತಂತಿವಾದ್ಯಗಳಿಗೂ ಒಂದು ಗಂಟೆಗೂ ಬರೆದ ಕೃತಿ. ಎಲ್ಲರಿಗೂ ಒಂದೇ ಅವರೋಹಣ. ಮೊದಲ ಪಿಟೀಲಿಗಿಂತ ಎರಡನೆಯದು ಅರ್ಧ ವೇಗ, ವಯೋಲಾ ಅದರ ಅರ್ಧ, ಚೆಲ್ಲೊ ಅದರ ಅರ್ಧ. ತಳದ ಡಬಲ್ ಬಾಸ್ ಹದಿನಾರು ಪಟ್ಟು ನಿಧಾನ. ನಮ್ಮ ಪಲ್ಲವಿಯಲ್ಲಿ ತ್ರಿಕಾಲ ಒಂದಾದ ಮೇಲೊಂದು ಬರುತ್ತದೆ. ಇಲ್ಲಿ ಐದು ಕಾಲಗಳು ಏಕಕಾಲಕ್ಕೆ ಇಳಿಯುತ್ತವೆ. ಒಂದೊಂದು ವಾದ್ಯವೂ ತನ್ನ ಕೊನೆಯ ಸ್ವರಕ್ಕೆ ಬಂದು ನಿಲ್ಲುತ್ತದೆ. ಎಲ್ಲವೂ ನಿಂತ ಮೇಲೆ ತಂತಿಗಳು ಥಟ್ಟನೆ ಸುಮ್ಮನಾಗುತ್ತವೆ. ಅವುಗಳ ಅಬ್ಬರದಲ್ಲಿ ಮೆಲ್ಲಗೆ ಬಾರಿಸಿದ್ದ ಗಂಟೆಯ ಅನುರಣನ ಆಗ ಕೇಳಿಸುತ್ತದೆ. ತಂತಿಗಳು ಅಷ್ಟು ಹೊತ್ತು ಹಿಡಿದದ್ದು ಸಾಧಾರಣ ಗಾಂಧಾರ. ಗಂಟೆಯೊಳಗಿಂದ ಹೊಮ್ಮುವುದು ಅಂತರ ಗಾಂಧಾರ. ತಂಬೂರಿಯ ಷಡ್ಜದಲ್ಲಿ ತಾನಾಗಿ ಗಾಂಧಾರ ಕೇಳಿ ಅಭ್ಯಾಸವಿರುವ ನಮ್ಮ ಕಿವಿಗೆ ಇದು ತಟ್ಟನೆ ಹತ್ತುತ್ತದೆ.

1980ರಲ್ಲಿ ಕುಟುಂಬ ಸಮೇತ ದೇಶ ಬಿಟ್ಟು ವಿಯೆನ್ನಾಕ್ಕೆ, ಅಲ್ಲಿಂದ ಬರ್ಲಿನ್‌ಗೆ ಹೋದರು. 1984ರಲ್ಲಿ ಇಸಿಎಂ ಸಂಸ್ಥೆ ಹೊರತಂದ ‘ಟಾಬ್ಯುಲಾ ರಾಸಾ’ ಧ್ವನಿಮುದ್ರಿಕೆ ಅವರನ್ನು ಜಗತ್ತಿಗೆ ಪರಿಚಯಿಸಿತು. ಈಗ ಮತ್ತೆ ತಾಯ್ನಾಡಲ್ಲೇ ಇದ್ದಾರೆ. ಲೌಲಾಸ್ಮಾದ ಪೈನ್ ಕಾಡಿನ ನಡುವೆ 2018ರಲ್ಲಿ ತೆರೆದ ಆರ್ವೊ ಪ್ಯಾರ್ಟ್ ಕೇಂದ್ರದಲ್ಲಿ ಅವರ ಹಸ್ತಪ್ರತಿಗಳಿವೆ.

ಹೊಸದಾಗಿ ಕೇಳುವವರು ‘ಫ್ಯೂರ್ ಅಲೀನಾ’ದಿಂದ ಶುರುಮಾಡಿ, ಎಡಗೈಯನ್ನಷ್ಟೇ ಹಿಂಬಾಲಿಸಿ. ‘ಕ್ಯಾಂಟಸ್’ನಲ್ಲಿ ಡಬಲ್ ಬಾಸ್ ಮೇಲೆ ಕಿವಿಯಿಡಿ. ಬೇರೆ ಕೆಲಸ ಮಾಡುತ್ತ ಕೇಳಬೇಡಿ. ಆ ಹೊತ್ತಿಗೆ ಮೊಬೈಲನ್ನು ದೂರವಿಡಿ. ಕಟ್ಟಳೆ ತಿಳಿದ ಮಾತ್ರಕ್ಕೆ ಮಾಧುರ್ಯ ಕಡಿಮೆಯಾಗದು. ಇಷ್ಟು ಕಡಿಮೆ ಸ್ವರಗಳಿಗೆ ಬರಲು ಒಬ್ಬ ಸಂಯೋಜಕ ಎಷ್ಟನ್ನು ಕೈಬಿಡಬೇಕಾಯಿತು ಎಂಬುದು ಅರ್ಥವಾಗಿ, ಕೇಳುವವರ ಗೌರವ ಹೆಚ್ಚುತ್ತದೆ.