ಮಾಲ್ಗುಡಿಯನ್ನು ಕಟ್ಟಿದವರು ಯಾರು?

ಆಗುಂಬೆಯೇ ಮಾಲ್ಗುಡಿ ಎಂಬ ಮಾತನ್ನು ನಾವು ಎಷ್ಟು ಸಲ ಆಡಿದ್ದೇವೆಂದರೆ, ಅದು ಅಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಚಿತ್ರೀಕರಿಸಿದ ನಿರ್ದೇಶಕ ಶಂಕರ್‌ನಾಗ್ ಅವರಿಗೆ ಸಲ್ಲಿಸುವ ಗೌರವವೆಂದೇ ನಂಬಿದ್ದೇವೆ. ನನ್ನ ತಕರಾರು ಇರುವುದು ಇಲ್ಲೇ. ಊರು ಮೊದಲೇ ಸಿದ್ಧವಿತ್ತು, ಕ್ಯಾಮೆರಾ ಇಟ್ಟರೆ ಸಾಕಿತ್ತು ಎಂಬ ಈ ನಂಬಿಕೆ ಕಲಾ ನಿರ್ದೇಶನವನ್ನೇ ಅಳಿಸಿಹಾಕುತ್ತದೆ. ಧಾರಾವಾಹಿಯಲ್ಲಿ ಮಾಲ್ಗುಡಿಯ ರೈಲು ನಿಲ್ದಾಣವಾಗಿ ಕಂಡ, ಹೊಸನಗರ ತಾಲ್ಲೂಕಿನ ಅರಸಾಳು ನಿಲ್ದಾಣದಲ್ಲಿ ನೈಋತ್ಯ ರೈಲ್ವೆ 2020ರಲ್ಲಿ ತೆರೆದ ಮಾಲ್ಗುಡಿ ಮ್ಯೂಸಿಯಂ ನೋಡಿದ ಮೇಲೆ ಈ ತಕರಾರು ಇನ್ನಷ್ಟು ಗಟ್ಟಿಯಾಗಿದೆ.

ಆರ್.ಕೆ. ನಾರಾಯಣರ ಕಥೆಗಳ ಮಾಲ್ಗುಡಿ ಸರಯೂ ನದಿಯ ದಂಡೆಯ ಪಟ್ಟಣ. ಅಲ್ಲಿ ಮಾರ್ಕೆಟ್ ರೋಡ್ ಇದೆ, ಆಲ್ಬರ್ಟ್ ಮಿಷನ್ ಶಾಲೆಯಿದೆ, ಬ್ರಿಟಿಷರ ಕಾಲದ ದರ್ಪವಿದೆ. ಆಗುಂಬೆಯಾದರೋ ಘಟ್ಟದ ನೆತ್ತಿಯ ಮೇಲಿನ ಮಳೆಯೂರು. 1980ರ ದಶಕದ ಈ ಹಳ್ಳಿ 1930ರ ಪಟ್ಟಣವಾಗಿ ಕಾಣಬೇಕಾದರೆ ಯಾವುದನ್ನು ತೋರಿಸಬೇಕು, ಯಾವುದನ್ನು ಮರೆಮಾಡಬೇಕು, ಯಾವುದನ್ನು ಹೊಸದಾಗಿ ಮಾಡಿ ಹಳೆಯದೆನಿಸಬೇಕು ಎಂದು ಯಾರೋ ತೀರ್ಮಾನಿಸಲೇಬೇಕು. ಆ ಹೊಣೆ ಕಲಾ ನಿರ್ದೇಶಕ ಜಾನ್ ದೇವರಾಜ್ ಅವರದಾಗಿತ್ತು. ‘ಎ ಹಾರ್ಸ್ ಅಂಡ್ ಟೂ ಗೋಟ್ಸ್’ ಕಥೆಯನ್ನೇ ನೋಡಿ. ಅದು ನಿಂತಿರುವುದು ಒಂದು ಮಣ್ಣಿನ ಕುದುರೆಯ ಮೇಲೆ. ಆ ಕುದುರೆಯ ಎತ್ತರ, ಮಾಸಿದ ಬಣ್ಣ, ಸವೆದ ಮೈ ನಂಬುವಂತಿರದಿದ್ದರೆ ಕಥಾನಾಯಕ ಮುನಿಯ ಪಾತ್ರವನ್ನು ಎಷ್ಟು ಚೆನ್ನಾಗಿ ನಟಿಸಿದರೂ ಕಥೆ ನಿಲ್ಲದು.

ಸೆಟ್ ಹಾಕದೆ ನಿಜವಾದ ಊರಿನಲ್ಲಿ ಚಿತ್ರೀಕರಿಸಿದ್ದೇ ಧಾರಾವಾಹಿಯ ಹೆಚ್ಚುಗಾರಿಕೆ ಎನ್ನುವವರಿದ್ದಾರೆ. ಇದರಲ್ಲಿ ಅರ್ಧ ಸತ್ಯವಿದೆ. ಆದರೆ ಊರನ್ನು ಆರಿಸುವುದೂ ವಿನ್ಯಾಸದ ಕೆಲಸವೇ. ನಾನು ಬೆಳಗಾವಿ ಸೀಮೆಯ ಜಾಂಬೋಟಿಯವನು. ಹಂಚಿನ ಮನೆ, ಕೆಂಪು ಮಣ್ಣು, ಕಾಡು, ಬಿಡದೆ ಸುರಿಯುವ ಮಳೆ ನಮ್ಮಲ್ಲೂ ಇವೆ. ಅಷ್ಟರಿಂದಲೇ ಜಾಂಬೋಟಿ ಮಾಲ್ಗುಡಿಯಾಗಲಿಲ್ಲ. ನೋಟವನ್ನು ಊರು ಕೊಟ್ಟೀತು. ಅದನ್ನು ಕಥೆಯ ನೆಲೆಯಾಗಿಸಲು ಬಡಗಿ, ಪೇಂಟರ್, ಕುಂಬಾರ, ದರ್ಜಿ ಬೇಕು.

ಮತ್ತೆ ಮ್ಯೂಸಿಯಂಗೆ ಬಂದರೆ, ಪಾಳುಬೀಳಬಹುದಾಗಿದ್ದ ಅರಸಾಳಿನ ಹಳೆಯ ನಿಲ್ದಾಣವನ್ನು ಉಳಿಸಿದ್ದು ದೊಡ್ಡ ಕೆಲಸ. ಅದನ್ನು ರೂಪಿಸಲು ಜಾನ್ ದೇವರಾಜ್ ಅವರನ್ನೇ ಕರೆಸಿದ್ದು ಅಷ್ಟೇ ಉಚಿತ. ಆದರೂ ಅಲ್ಲಿ ಮೇಲುಗೈ ಪಡೆದಿರುವುದು ನೆನಪು, ತಯಾರಿಕೆಯಲ್ಲ. ಬಂದವರು ಧಾರಾವಾಹಿಯ ಹುಡುಗ ಸ್ವಾಮಿಯನ್ನು ನೆನೆಯುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ‘ಮಾಲ್ಗುಡಿ ಚಾಯ್’ ಕುಡಿಯುತ್ತಾರೆ. ಅರಸಾಳು ಮಾಲ್ಗುಡಿಯಾದ ಬಗೆ ಅವರಿಗೆ ತಿಳಿಯಬೇಕು. ಅದಕ್ಕೆ ಕರಡು ರೇಖಾಚಿತ್ರ, ನಿಲ್ದಾಣದ ಮೊದಲಿನ ಮತ್ತು ನಂತರದ ಚಿತ್ರ, ಬಳಸಿದ ಸಾಮಗ್ರಿ, ದುಡಿದವರ ಹೆಸರು ಎದುರಿಗಿರಬೇಕು. ಅವಿಲ್ಲದ ಪ್ರದರ್ಶನ ಅಭಿಮಾನವನ್ನು ಬೆಳೆಸಬಲ್ಲದು, ಅರಿವನ್ನಲ್ಲ.

ಕಟ್ಟಿದವರನ್ನು ಮರೆಯುವ ಈ ಮಾತು ನಮ್ಮ ಬೆಳಗಾವಿ ಸೀಮೆಗೂ ಹೊರಗಿನದಲ್ಲ. ಏಣಗಿ ಬಾಳಪ್ಪನವರು ನಾಟಕ ಕಂಪನಿ ಕಟ್ಟಿ ಮೆರೆದ ನೆಲವಿದು. ನಮಗೆ ನಟರ ಹೆಸರು ಬಾಯಿಪಾಠ. ಅರಮನೆ, ಅರಣ್ಯಗಳ ಪರದೆ ಬರೆದವರ ಹೆಸರು ಗೊತ್ತಿಲ್ಲ. ಖಾನಾಪುರದಲ್ಲಿ ಕುಂಬಾರಿಕೆಯ ತರಬೇತಿ ಸಂಸ್ಥೆಯೇ ಇದೆ. ಆ ಕೈಗಳಿಗೂ ಸಿನಿಮಾಕ್ಕೂ ನಂಟಿರಬಹುದೆಂದು ನಾವು ಯೋಚಿಸಿಯೇ ಇಲ್ಲ. ರಂಗಪರದೆ, ಸೆಟ್ಟಿನ ನಕ್ಷೆ, ಕೆಲಸಗಾರರ ಪಟ್ಟಿ ಯಾರ ಮನೆಯಲ್ಲಿದ್ದರೂ ಈಗಲೇ ಸಂಗ್ರಹಿಸಬೇಕು. ಮುಂದೆ ಇಲ್ಲೊಂದು ಸಿನಿಮಾ ಪ್ರದರ್ಶನ ನಡೆಯುವುದಾದರೆ ಅದರ ಮೊದಲ ಗೋಡೆ ತಾರೆಯರಿಗಲ್ಲ, ಕಟ್ಟಿದವರಿಗೆ ಮೀಸಲಾಗಲಿ.