‘ಘಟಶ್ರಾದ್ಧ’ ಚಿತ್ರವೂ ಮರೆತುಹೋದ ವಿಧಿಯೂ

ಹೊಸಪೇಟೆ, ಕಂಪ್ಲಿ, ಸಂಡೂರುಗಳ ವಿದ್ಯಾವಂತರ ಮನೆಗಳಲ್ಲಿ ಈಗ ಚಲಚ್ಚಿತ್ರವನ್ನು ನೋಡುವುದಕ್ಕೆ ಚಿತ್ರಮಂದಿರದವರೆಗೆ ಹೋಗಬೇಕಾದುದಿಲ್ಲ. ಅಂತರ್ಜಾಲದ ಚಿತ್ರಸೇವೆಗಳ ಮೂಲಕ ನೂರಾರು ಚಿತ್ರಗಳು ಮನೆಯ ಪರದೆಗೇ ಬರುವುವು. ಆದರೆ ಈ ಸಮೃದ್ಧಿಯೇ ವಿವೇಕಕ್ಕೆ ತೊಡಕಾಗಿರುವುದು. ಸೇವೆಯವರು ಮುಂದಿಟ್ಟುದನ್ನೇ ನೋಡಿ ಮುಗಿಸುವುದು ರೂಢಿಯಾಗಿ, ಹೆಸರು ಹಿಡಿದು ಅರಸತಕ್ಕ ಕೃತಿಗಳು ಕಣ್ಣಿಗೆ ಬೀಳದೆ ಉಳಿಯುವುವು. ಅಂತಹವುಗಳಲ್ಲಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವು ಮೊದಲು ಎಣಿಸತಕ್ಕುದು.

ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ 1977ರಲ್ಲಿ ಸಿದ್ಧವಾದ ಈ ಕಪ್ಪುಬಿಳುಪಿನ ಚಿತ್ರವು ಕಾಸರವಳ್ಳಿಯವರ ಮೊದಲನೆಯ ಪೂರ್ಣಪ್ರಮಾಣದ ಕೃತಿಯು. ಆ ವರ್ಷದ ಅತ್ಯುತ್ತಮ ಭಾರತೀಯ ಚಿತ್ರವೆಂದು ಇದಕ್ಕೆ ಸ್ವರ್ಣಕಮಲವು ದೊರೆಯಿತು. 2024ರಲ್ಲಿ ಇದರ ಜೀರ್ಣೋದ್ಧಾರಗೊಂಡ ಪ್ರತಿಯು ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಹೊರದೇಶದವರು ಆದರಿಸಿದ ಈ ಚಿತ್ರವನ್ನು ಕನ್ನಡಿಗರ ಎಷ್ಟೋ ಮನೆಗಳು ಇನ್ನೂ ನೋಡಿಲ್ಲ. ವೈದಿಕಸಂಪ್ರದಾಯವನ್ನು ಹಳಿಯುವ ಚಿತ್ರವಿದೆಂಬ ಶಂಕೆಯೂ ಇದಕ್ಕೊಂದು ಕಾರಣವು. ಆ ಶಂಕೆಯನ್ನು ವಿಚಾರಿಸಿ ನೋಡುವುದು ಯುಕ್ತವು.

ಕಥೆಯು ಉಡುಪರ ವೇದಪಾಠಶಾಲೆಯಲ್ಲಿ ನಡೆಯುವುದು. ನಾಣಿಯೆಂಬ ಬಾಲಕನನ್ನು ಓದಿಗೆಂದು ಅಲ್ಲಿ ಬಿಡುವರು. ಮನೆಯನ್ನು ನೆನೆದು ಕೊರಗುವ, ಹಿರಿಯ ವಿದ್ಯಾರ್ಥಿಗಳ ಕಾಟಕ್ಕೆ ಅಂಜುವ ಆ ಮಗುವಿಗೆ ಉಡುಪರ ವಿಧವೆಯಾದ ಮಗಳು ಯಮುನಕ್ಕನೇ ಆಸರೆ. ಉಪಾಧ್ಯಾಯನೊಬ್ಬನ ಸಂಗದಿಂದ ಆಕೆ ಗರ್ಭಿಣಿಯಾಗಿರುವಳು. ಸಂಗತಿಯು ಬಯಲಾಗುವುದು. ಹುತ್ತದೊಳಗೆ ಕೈಯಿಟ್ಟು ಪ್ರಾಣ ಬಿಡಲೆಳಸಿದರೆ ಮೃತ್ಯುವೂ ಒಲ್ಲೆನ್ನುವುದು. ಕಡೆಗೆ ಬದುಕಿರುವ ಮಗಳಿಗೆ ತಂದೆಯೇ ಘಟಶ್ರಾದ್ಧವನ್ನು ನೆರವೇರಿಸುವರು. ನಾಣಿಯು ಊರಿಗೆ ಹಿಂದಿರುಗುವಾಗ, ತಲೆ ಬೋಳಾದ ಯಮುನಕ್ಕ ಮರದ ಕೆಳಗೆ ಒಂಟಿಯಾಗಿರುವುದನ್ನು ಕಾಣುವನು.

ಇದೆಲ್ಲವನ್ನೂ ನಿರ್ದೇಶಕರು ಬಹುಮಟ್ಟಿಗೆ ಬಾಲಕನ ದೃಷ್ಟಿಯಿಂದಲೇ ಕಾಣಿಸಿರುವರು. ಪಾಪಪುಣ್ಯಗಳ ತೀರ್ಪನ್ನು ಅರಿಯದ ನಾಣಿಗೆ ಯಮುನಕ್ಕನ ವಾತ್ಸಲ್ಯವೊಂದೇ ಗೊತ್ತು. ಆದುದರಿಂದ ಕರುಣರಸವು ಅಳುವಿನಿಂದಲ್ಲ, ಮೌನದಿಂದ ಉಂಟಾಗುವುದು. ಮೀನಾ ಕುಟ್ಟಪ್ಪನವರ ಅಭಿನಯವೂ, ಎಸ್. ರಾಮಚಂದ್ರರ ಛಾಯಾಗ್ರಹಣವೂ, ಬಿ. ವಿ. ಕಾರಂತರ ಸಂಗೀತವೂ ಈ ಮೌನವನ್ನು ಕೆಡಿಸದೆ ನಡೆದಿರುವುವು. ಒಂದು ಕೊರತೆಯನ್ನು ಹೇಳಬೇಕಾದರೆ, ಉಪಾಧ್ಯಾಯನ ಪಾತ್ರವು ತೆಳುವಾಯಿತು. ಅಪರಾಧದಲ್ಲಿ ಸಮಭಾಗಿಯಾದವನು ಪ್ರೇಕ್ಷಕರ ವಿಚಾರಣೆಯಿಂದಲೂ ಸುಲಭವಾಗಿ ಪಾರಾಗುವನು.

ಇನ್ನು ಶಂಕೆಯ ವಿಷಯ. ಪತಿತರಾದವರಿಗೆ ಬಂಧುಗಳು ಜಲಘಟದ ವಿಧಿಯನ್ನು ನಡೆಯಿಸಿ ಸಂಬಂಧವನ್ನು ಕಡಿದುಕೊಳ್ಳಬೇಕೆಂದು ಮನುಸ್ಮೃತಿಯ 11ನೆಯ ಅಧ್ಯಾಯವು ವಿಧಿಸುವುದು ನಿಜ. ಆದರೆ ಪ್ರಾಯಶ್ಚಿತ್ತವಾದ ಮೇಲೆ ಅದೇ ಬಂಧುಗಳು ಅವರೊಡನೆ ಪುಣ್ಯಜಲದಲ್ಲಿ ಮಿಂದು, ನೀರು ತುಂಬಿದ ಹೊಸ ಘಟವನ್ನು ಅಲ್ಲಿ ಹಾಕಿ, ಅವರನ್ನು ಮರಳಿ ಕೂಡಿಕೊಳ್ಳಬೇಕೆಂದೂ ಅಲ್ಲಿಯೇ ಇರುವುದು. ಪತಿತಳಾದ ಸ್ತ್ರೀಗಂತೂ ಅನ್ನಪಾನವಸ್ತ್ರಗಳನ್ನು ಕೊಟ್ಟು ಮನೆಯ ಸಮೀಪದಲ್ಲಿಯೇ ಇರಿಸಬೇಕೆಂದು ಹೇಳಿದೆ. ಯಾಜ್ಞವಲ್ಕ್ಯಸ್ಮೃತಿಯು ರಕ್ಷಣೆಯನ್ನೂ ಸೇರಿಸುವುದು. ವಿಜಯನಗರದ ಬುಕ್ಕರಾಯನ ಮಂತ್ರಿಗಳಾಗಿದ್ದ ಮಾಧವಾಚಾರ್ಯರು ಪರಾಶರಸ್ಮೃತಿಯನ್ನು ವ್ಯಾಖ್ಯಾನಿಸುವಾಗ ಪ್ರಾಯಶ್ಚಿತ್ತಕ್ಕೆ ಒಂದು ಕಾಂಡವನ್ನೇ ಮೀಸಲಾಗಿರಿಸಿದರು. ಹಂಪೆಯ ನೆರೆಯಲ್ಲಿ ವಾಸಿಸುವವರು ಇದನ್ನು ಮರೆಯಲಾಗದು.

ಹೀಗಿರಲು, ಯಮುನಕ್ಕನನ್ನು ಮರದ ಕೆಳಗೆ ಬಿಟ್ಟುಹೋದವರು ಶಾಸ್ತ್ರವನ್ನು ಪಾಲಿಸಿದವರೆನ್ನಲು ಬರುವುದಿಲ್ಲ. ಮೊದಲನೆಯ ಘಟವನ್ನು ಅವರು ನೆನಪಿನಲ್ಲಿಟ್ಟರು, ಎರಡನೆಯದನ್ನು ಮರೆತರು. ದಂಡನೆಯನ್ನು ಕಂಠಪಾಠ ಮಾಡಿ ದಯೆಯನ್ನು ಬಿಟ್ಟುಬಿಡುವ ಪಾಠಕ್ರಮವನ್ನು ಚಿತ್ರವು ಖಂಡಿಸುವುದೇ ಹೊರತು ವೇದವಿದ್ಯೆಯನ್ನಲ್ಲ. ಪಾಠಶಾಲೆಯ ಸಂಸ್ಕಾರವುಳ್ಳ ಮನೆಗಳಿಗೆ ಇದು ಪರರ ನಿಂದೆಯಾಗಿ ಕೇಳಿಸಬೇಕಾಗಿಲ್ಲ. ತಮ್ಮವರೇ ಕೇಳುವ ಪ್ರಶ್ನೆಯಾಗಿ ಕೇಳಿಸಬೇಕು.

ಮಗಳ ಮುಂದೆ ಬಾಗಿಲು ಮುಚ್ಚುವ ಮನೆಗಳು ಈಗಲೂ ಇಲ್ಲದಿಲ್ಲ. ಕಾರಣಗಳು ಮಾತ್ರ ಬೇರೆಯಾಗಿರಬಹುದು. ಆದುದರಿಂದ ಮನೆಯ ಹಿರಿಯರೂ ಪ್ರಾಯಕ್ಕೆ ಬಂದ ಮಕ್ಕಳೂ ಒಟ್ಟಿಗೆ ಕುಳಿತು ಈ ಚಿತ್ರವನ್ನು ನೋಡಿ, ಮುಗಿದ ಮೇಲೆ ಪರದೆಯನ್ನಾರಿಸಿ ಸ್ವಲ್ಪ ಹೊತ್ತು ಮಾತನಾಡುವುದು ಒಳ್ಳೆಯದು.